ಥಾಯ್ ಸಿಹಿತಿಂಡಿ ಅಂಗಡಿಗಳು ಉಳೀತಾವಾ? ಪದೇ ಪದೇ ಕೇಳೋ ಪ್ರಶ್ನೆಗಳು

ಕೆಲಸದ ಮೇಲೆ ಬ್ಯಾಂಕಾಕಲ್ಲಿ ಆರು ವರ್ಷ ಇದ್ದೆ, ಆನ್ ನುಟ್ ಹತ್ರ ಒಂದು ಗಲ್ಲಿಲಿ ಮನೆ. 2023ರ ನವೆಂಬರಲ್ಲಿ ನಮ್ಮೋರಿಗೆ ವೀಸಾ ಬೇಡ ಅಂದಮೇಲಂತೂ ಗೊತ್ತಿರೋರು ಗೊತ್ತಿಲ್ದೇ ಇರೋರು ಎಲ್ರೂ ಟಿಕೆಟ್ ಬುಕ್ ಮಾಡಿ ನಂಗೆ ಮೆಸೇಜ್ ಹಾಕೋಕೆ ಶುರು ಮಾಡಿದ್ರು, ಊಟದ್ದು ಕೇಳಿ ಕೊನೆಗೆ ಸ್ವೀಟ್ ವಿಷಯಕ್ಕೇ ಬರ್ತಾರೆ. ಒಬ್ಬೊಬ್ರಿಗೂ ಹೇಳಿ ಹೇಳಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿದೀನಿ.

ಥಾಯ್ ಸ್ವೀಟ್ ಅಂದ್ರೆ ಮಾವಿನಹಣ್ಣು ಜೊತೆ ಅಂಟಕ್ಕಿ ಅನ್ನ ತಾನೇ, ಬೇರೆ ಏನಿದೆ?

ಅಯ್ಯೋ, ಹಾಗಂದ್ರೆ ಕರ್ನಾಟಕದ ಸಿಹಿ ಅಂದ್ರೆ ಮೈಸೂರು ಪಾಕ್ ಒಂದೇ ಅಂದಂಗಾಯ್ತು. ಅಲ್ಲಿ ಎಲ್ಲದಕ್ಕೂ ಖನೋಮ್ ಅಂತಾರೆ, ಬ್ರೆಡ್ಡೂ ಖನೋಮೇ, ಶಾವಿಗೆ ಥರದ ಒಂದು ಅಕ್ಕಿ ನೂಡಲ್ಸೂ ಖನೋಮೇ, ಅದಕ್ಕೇ ಹಳೇ ಕಾಲದ ಸಿಹಿಗೆ ಸೇರಿಸಿ ಖನೋಮ್ ಥಾಯ್ ಅಂತ ಹೇಳೋದು. ಮೂಲ ಸಾಮಾನು ಮೂರೇ, ಅಕ್ಕಿ ಹಿಟ್ಟು, ತೆಂಗಿನಕಾಯಿ, ತಾಳೆ ಅಥವಾ ತೆಂಗಿನ ಬೆಲ್ಲ. ಸಕ್ಕರೆಗೆ ಅವರ ಪದ ನಾಮ್ ತಾನ್, ಅಂದ್ರೆ ತಾಳೆ ಮರದ ನೀರು, ಆ ತಾನ್ ಅನ್ನೋದು ಸಂಸ್ಕೃತದ ತಾಲದಿಂದ ಬಂದಿದ್ದು, ನಮ್ಮ ತಾಳೆಯ ನೆಂಟ. ಈ ಮೂರರಲ್ಲಿ ಒಂಬತ್ತು ಪದರದ ಖನೋಮ್ ಚಾನ್ ಮಾಡ್ತಾರೆ, ಬಿದಿರಿನ ಕೊಳವೇಲಿ ಅಂಟಕ್ಕಿ ಸುಟ್ಟು ಖಾವ್ ಲಾಮ್ ಮಾಡ್ತಾರೆ, ತೆಂಗಿನ ಸಿಪ್ಪೆ ಸುಟ್ಟ ಬೂದಿ ನೀರು ಹಾಕಿ ಕಪ್ಪಗೆ ಹೊಳೆಯೋ ಪಿಯಾಕ್ ಪೂನ್ ಅಂತ ಒಂದು ಹಲ್ವಾ ಥರದ್ದು ಮಾಡ್ತಾರೆ. ತೆಂಗಿನ ಹಾಲಲ್ಲಿ ಬೇಯಿಸಿದ ಬಾಳೆಹಣ್ಣಿಗೆ ಹೆಸರೇನು ಗೊತ್ತಾ, ಸನ್ಯಾಸ ತಗೊಂಡ ಬಾಳೆಹಣ್ಣು! ಅಲ್ಲಿ ಸನ್ಯಾಸಿನಿಯರು ಉಡೋದು ಬಿಳಿ ಬಟ್ಟೆ, ಬಾಳೆಹಣ್ಣೂ ಬಿಳಿ ಹಾಲಲ್ಲಿ ಮುಳುಗಿ ಕೂತಿರುತ್ತಲ್ಲ, ಅದಕ್ಕೆ.

ಇದೆಲ್ಲಾ ವೆಜ್ಜಾ?

ಅಕ್ಕಿ ತೆಂಗಿನಕಾಯಿದು ಬಹುಪಾಲು ವೆಜ್ಜೇ, ಹಾಲು ತುಪ್ಪ ಕೂಡ ಇರಲ್ಲ. ಜೆಲ್ಲಿ ಥರ ಇರೋದಕ್ಕೆ ಹಾಕೋದು ಅಗರ್, ಅದು ಸಮುದ್ರದ ಪಾಚಿದು. ಆದ್ರೆ ಚಿನ್ನದ ಬಣ್ಣ ಕಂಡ್ರೆ ಹುಷಾರು, ಅದು ಮೊಟ್ಟೆ, ಅದೂ ಸಾಮಾನ್ಯಕ್ಕೆ ಬಾತುಕೋಳಿ ಮೊಟ್ಟೆ ಹಳದಿ. ಖನೋಮ್ ಬುವಾಂಗ್ ಅಂತ ಗರಿಗರಿ ಪುಟ್ಟ ದೋಸೆ ಮಾರ್ತಾರೆ, ಅದರಲ್ಲಿ ಸಿಹಿ ಒಂದಿರುತ್ತೆ ಖಾರ ಒಂದಿರುತ್ತೆ, ಖಾರದ ಮೇಲಿರೋ ಕಿತ್ತಳೆ ಪುಡಿ ಕಾಯಿತುರಿ ಥರಾನೇ ಕಾಣುತ್ತೆ, ಅದ್ರಲ್ಲಿ ಸಿಗಡಿ ಇರುತ್ತೆ. ನಮ್ಮತ್ತೆ ಬಂದಾಗ ಒಂದನ್ನ ಪೂರ್ತಿ ತಿಂದು ಚೆನ್ನಾಗಿದೆ ಅಂದ್ರು, ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅಕ್ಕಿ ತೆಂಗಿನಕಾಯಿ ಊರಿಗೆ ಮೊಟ್ಟೆ ಸ್ವೀಟ್ ಹೆಂಗ್ ಬಂತು?

ಪೋರ್ಚುಗಲ್ಲಿಂದ. ಅವರು ಗೋವಾ ಹಿಡಿದಿದ್ದು 1510ರಲ್ಲಿ, ಮರುವರ್ಷವೇ ಆಗಿನ ಥಾಯ್ ರಾಜಧಾನಿ ಅಯುತ್ತಯಕ್ಕೆ ರಾಯಭಾರಿ ಕಳಿಸಿದ್ರು. ಥಾಯ್ ಜನ ಹೇಳೋ ಕಥೇಲಿ ಎಲ್ಲಾ ಶ್ರೇಯಸ್ಸು ಮರಿಯಾ ಗಿಯೋಮಾರ್ ಡಿ ಪಿನ್ಹಾ ಅನ್ನೋಳಿಗೆ, ನಾರಾಯ್ ರಾಜನ ಕಾಲದೋಳು, ಜಪಾನಿ ಪೋರ್ಚುಗೀಸ್ ರಕ್ತ ಬೆರೆತೋಳು, ಗಂಡ ಕಾನ್‌ಸ್ಟಂಟೈನ್ ಫಾಲ್ಕನ್ ಅಂತ ಗ್ರೀಕ್ ಮನುಷ್ಯ, ರಾಜನ ಬಲಗೈ ಆಗಿದ್ದ. 1688ರಲ್ಲಿ ದಂಗೆ ಆಗಿ ಗಂಡನ ತಲೆ ಹೋಯ್ತು, ಆಮೇಲೆ ಇವಳು ಅರಮನೆ ಅಡುಗೆಮನೆ ಸೇರಿದ್ಲು ಅಂತಾರೆ. ಫಾಯ್ ಥಾಂಗ್, ಅಂದ್ರೆ ಸಕ್ಕರೆ ಪಾಕಕ್ಕೆ ಮೊಟ್ಟೆ ಹಳದಿನ ದಾರದ ಥರ ಬಿಟ್ಟು ಮಾಡೋದು, ಇವತ್ತಿಗೂ ಪೋರ್ಚುಗಲ್ಲಲ್ಲಿ ಹಾಗೇ ಮಾಡ್ತಾರೆ. ಒಬ್ಬಳೇ ತಂದ್ಲು ಅನ್ನೋದು ನಂಗೆ ಸ್ವಲ್ಪ ಜಾಸ್ತಿ ಅನ್ಸುತ್ತೆ, ಪೋರ್ಚುಗೀಸರು ಅವಳಿಗಿಂತ ನೂರೈವತ್ತು ವರ್ಷ ಮುಂಚೆಯಿಂದ ಅಲ್ಲಿ ಓಡಾಡ್ಕೊಂಡಿದ್ರಲ್ಲ. ಇರ್ಲಿ, ಇದನ್ನ ಯಾಕೆ ಹೇಳಿದೆ ಅಂದ್ರೆ, ಸಂಪ್ರದಾಯ ಸಂಪ್ರದಾಯ ಅಂತ ಇವತ್ತು ಕಾಪಾಡೋಕೆ ಹೊರಟಿರೋದೇ ಆ ಕಾಲದ ಫಾರಿನ್ ಐಟಮ್ಮು.

ಥಾಯ್ ಜನ ಇವನ್ನ ತಿನ್ನೋದು ಬಿಟ್ಟಿದಾರಾ?

ಬಿಟ್ಟಿಲ್ಲ, ದಿನಾ ತಿನ್ನೋದು ಬಿಟ್ಟಿದಾರೆ. ನಾನು ಆಫೀಸಲ್ಲಿ ನೋಡಿದ್ದು ಇದು. ಯಾರನ್ನ ಕೇಳಿದ್ರೂ ಖನೋಮ್ ಥಾಯ್ ಅಂದ್ರೆ ಕೈ ಎದೆಗೆ ಹೋಗುತ್ತೆ, ನಮ್ಮಜ್ಜಿ ಮಾಡ್ತಿದ್ರು, ನಮ್ಮ ಸಂಸ್ಕೃತಿ, ಎಷ್ಟು ಸೂಕ್ಷ್ಮ ಕೆಲಸ ಗೊತ್ತಾ ಅಂತ. ಸರಿ, ಲಾಸ್ಟ್ ಯಾವಾಗ ದುಡ್ಡು ಕೊಟ್ಟು ತಗೊಂಡ್ರಿ ಅಂದ್ರೆ ಯೋಚನೆ ಮಾಡ್ತಾರೆ. ಅಕ್ಕನ ಮದುವೇಲಿ, ದೇವಸ್ಥಾನಕ್ಕೆ ಹೋದಾಗ, ಮೀಟಿಂಗ್ ಡಬ್ಬೀಲಿ ಕೊಟ್ಟಿದ್ರು, ಹೀಗೆ. ಮಧ್ಯಾಹ್ನ ಮೂರು ಗಂಟೆಗೆ ಬಾಯಿ ಚಪಲಕ್ಕೆ ಅದೇ ಜನ ತರಿಸ್ಕೊಳೋದು ಬಬಲ್ ಟೀ, ಕ್ರೋಸಾಂಟು, ಚೀಸ್‌ಕೇಕು. ನಮ್ಮಲ್ಲಿ ಹೋಳಿಗೆಗೆ ಆಗಿರೋದೂ ಇದೇ ಅಲ್ವಾ, ಎಲ್ರಿಗೂ ಇಷ್ಟ, ಆದ್ರೆ ಹಬ್ಬ ಬರ್ಬೇಕು. ಮರ್ಯಾದೆ ಏರ್ತಾ ಹೋದಂಗೆ ಗಿರಾಕಿ ಇಳೀತಾನೆ. ಮಾರೋರಿಗೆ ವರ್ಷಕ್ಕೆ ಎರಡು ಸಲ ಕಾಲು ಕೆಜಿ ತಗೊಂಡು ಹೊಗಳೋ ಗಿರಾಕಿಗಿಂತ ಹೊಗಳದೇ ದಿನಾ 20 ಬಾತ್ ಕೊಟ್ಟು ಹೋಗೋ ಗಿರಾಕಿ ಮುಖ್ಯ.

ಹುಡುಗ್ರಿಗೆ ರುಚಿ ಹಿಡಿಸಲ್ವಾ ಅಥವಾ ಬರೀ ಇನ್‌ಸ್ಟಾಗ್ರಾಮ್ ಹುಚ್ಚಾ?

ಇನ್‌ಸ್ಟಾ ಮೇಲೆ ಎಲ್ಲಾ ಹಾಕೋದು ಸುಲಭ. ಹಾಗೆ ನೋಡಿದ್ರೆ ಫೋಟೋಗೆ ಲೂಕ್ ಚುಪ್‌ಗಿಂತ ಚೆಂದ ಯಾವುದೂ ಇಲ್ಲ, ಹೆಸರುಬೇಳೆ ರುಬ್ಬಿ ಬೆರಳುಗಾತ್ರದ ಮೆಣಸಿನಕಾಯಿ, ಮ್ಯಾಂಗೋಸ್ಟೀನು, ಚೆರ್ರಿ ಥರ ತಿದ್ದಿ ಬಣ್ಣ ಹಚ್ಚಿ ಅಗರಲ್ಲಿ ಅದ್ದಿ ಹೊಳಪು ಕೊಡ್ತಾರೆ. ಆದ್ರೂ ತಗೊಳಲ್ಲ, ಯಾಕಂದ್ರೆ ಎಲ್ಲಿ ತಿನ್ನೋದು? ಹಳೇ ಅಂಗಡೀಲಿ ಕೂರೋಕೆ ಜಾಗ ಇಲ್ಲ, ಏಸಿ ಇಲ್ಲ, ಮಧ್ಯಾಹ್ನಕ್ಕೆ ಖಾಲಿ. ಹುಡುಗ್ರು ದುಡ್ಡು ಕೊಡೋದು ತಂಪಾಗಿ ಎರಡು ಗಂಟೆ ಕೂತು ಹರಟೋಕೆ, ಸ್ವೀಟು ಆ ಕುರ್ಚಿಯ ಬಾಡಿಗೆ. ಇನ್ನು ಸೆವೆನ್ ಇಲೆವೆನ್, ಥಾಯ್ಲೆಂಡಲ್ಲಿ 1989ರಲ್ಲಿ ಮೊದಲ್ನೇದು ಬಂತು, ಈಗ 14 ಸಾವಿರದ ಮೇಲಿದಾವೆ, ರಾತ್ರಿ ಎರಡಕ್ಕೆ ಹೋದ್ರೂ ತಿನ್ನೋಕೆ ಏನಾದ್ರೂ ಸಿಗುತ್ತೆ. ಬೀದಿ ಅಂಗಡಿಗಳೂ ಕಮ್ಮಿಯಾದ್ವು, 2014ರಿಂದೀಚೆಗೆ ಬ್ಯಾಂಕಾಕಲ್ಲಿ ಫುಟ್‌ಪಾತ್ ಖಾಲಿ ಮಾಡಿಸೋ ಕೆಲಸ ಜೋರಾಗಿ ನಡೀತು, ನಡ್ಕೊಂಡು ಹೋಗ್ತಾ ಕಣ್ಣಿಗೆ ಬಿದ್ದು ಆಸೆಯಾಗಿ ತಗೊಳೋ ತಿಂಡಿ ಇದು, ಕಣ್ಣಿಗೇ ಬೀಳ್ದಿದ್ರೆ ಆಸೆ ಎಲ್ಲಿಂದ ಬರ್ಬೇಕು.

ಸಿಹಿ ಜಾಸ್ತಿ ಅಂತಾರಲ್ಲ, ಸ್ವಲ್ಪ ಕಮ್ಮಿ ಮಾಡಿದ್ರಾಯ್ತಪ್ಪ?

ವಾನ್ ನೋಯ್, ಅಂದ್ರೆ ಸಿಹಿ ಕಮ್ಮಿ, ಈಗ ಎಲ್ಲಾ ಕಡೆ ಬೋರ್ಡಲ್ಲಿ ಇದೆ. ಅಷ್ಟೇನು ಸಿಹಿ ಇಲ್ಲ ಅನ್ನೋದೇ ಸ್ವೀಟಿಗೆ ದೊಡ್ಡ ಹೊಗಳಿಕೆ ಆಗ್ಬಿಟ್ಟಿದೆ. ಕಾರಣಾನೂ ಇದೆ, ದೊಡ್ಡೋರಲ್ಲಿ ಹೆಚ್ಚೂಕಮ್ಮಿ ಹತ್ತಕ್ಕೊಬ್ರಿಗೆ ಶುಗರ್, 2017ರಿಂದ ಸಿಹಿ ಪಾನೀಯಗಳಿಗೆ ಸಕ್ಕರೆ ಲೆಕ್ಕದಲ್ಲಿ ಟ್ಯಾಕ್ಸ್ ಬೇರೆ ಹಾಕ್ತಿದಾರೆ. ತೆಂಗಿನ ಹಾಲಿನ ತಿಂಡೀಲಿ ಬೆಲ್ಲ ಕಮ್ಮಿ ಮಾಡಿ ಒಂಚೂರು ಉಪ್ಪು ಏರಿಸಿದ್ರೆ ನಡೆಯುತ್ತೆ, ಇನ್ನೂ ಚೆನ್ನಾಗೇ ಇರುತ್ತೆ. ಮೊಟ್ಟೇದ್ರಲ್ಲಿ ಆಗಲ್ಲ. ಥಾಂಗ್ ಯಿಪ್ ಐದಾರು ಮಡಿಕೆಯ ಹೂವಿನ ಥರ ನಿಲ್ಲೋದೇ ಗಟ್ಟಿ ಪಾಕ ಹೀರ್ಕೊಂಡು, ಪಾಕ ತೆಳು ಮಾಡಿದ್ರೆ ಆಕಾರ ನಿಲ್ಲಲ್ಲ, ಬೇಗ ಹಾಳೂ ಆಗುತ್ತೆ, ಸಕ್ಕರೆಯೇ ಅಲ್ಲಿ ಫ್ರಿಜ್ಜು. ಒಂದು ತಮಾಷೆ ಏನಂದ್ರೆ ಸ್ವೀಟ್ ಬೇಡ ಶುಗರ್ ಅನ್ನೋರ ಕೈಯಲ್ಲೇ ಅರ್ಧ ಲೀಟರ್ ಥಾಯ್ ಟೀ ಇರುತ್ತೆ, ಮಂದ ಹಾಲು ಸುರಿದಿದ್ದು. ಹಳೇ ತಿಂಡಿ ಮೇಲೆ ಮಾತ್ರ ಡಾಕ್ಟ್ರು ನೆನಪಾಗ್ತಾರೆ.

ಪ್ಯಾಕ್ ಮಾಡಿ ಸೂಪರ್ ಮಾರ್ಕೆಟ್‌ಗೆ ಹಾಕ್ಬಹುದಲ್ಲ?

ಎಲ್ರೂ ಕೊಡೋ ಸಲಹೆ ಇದು. ತೆಂಗಿನ ಹಾಲು ಗೊತ್ತಲ್ಲ, ನಮ್ಮ ಮನೇಲಿ ಕಾಯಿಹಾಲು ಬೆಳಿಗ್ಗೆ ಮಾಡಿದ್ದು ಬ್ಯಾಂಕಾಕಿನ ಸೆಖೇಲಿ ಸಂಜೆವರೆಗೆ ಇಟ್ಟು ನೋಡಿ. ಫ್ರಿಜ್ಜಲ್ಲಿಟ್ರೆ ಇನ್ನೊಂದು ಕಾಟ, ಅಕ್ಕಿ ಹಿಟ್ಟಿಂದು ಗಟ್ಟಿಯಾಗುತ್ತೆ, ಅಂಟಕ್ಕಿ ಕಲ್ಲಾಗುತ್ತೆ. ಪ್ರಿಸರ್ವೇಟಿವ್ ಹಾಕಿದ್ರೆ ಕೆಡಲ್ಲ, ಆದ್ರೆ ಯಾವ ಗಿರಾಕಿ ಹಳೇದೇ ಬೇಕು ಅಂತ ಬರ್ತಾನೋ ಅವನೇ ಲೇಬಲ್ ಓದಿ ವಾಪಸ್ ಇಡ್ತಾನೆ. ಇದೇ ಇಕ್ಕಟ್ಟು. ಬಾಳೆ ಎಲೆ ಪೊಟ್ಟಣ ಇಷ್ಟ ಅಂತಾರೆ, ಅದಕ್ಕೆ ಡೇಟು, ಆಹಾರ ಇಲಾಖೆ ನಂಬರು, ಬಾರ್‌ಕೋಡು ಎಲ್ಲಿ ಅಂಟಿಸೋದು? ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ರೆ ಎಲೆಯ ಘಮ ಹೋಯ್ತು. ಈ ವ್ಯಾಪಾರದಲ್ಲಿ ರುಚಿ ಕೊಡೋದೂ ಫ್ರೆಶ್‌ನೆಸ್ಸೇ, ಕುತ್ತಿಗೆ ಹಿಸುಕೋದೂ ಅದೇ.

ಬೆಲೆ ಜಾಸ್ತಿ ಅಂತ ಕಂಪ್ಲೇಂಟ್ ಇದ್ಯಾ?

ಇದೆ, ಅದನ್ನ ಕೇಳಿದ್ರೆ ನಂಗೆ ಉರಿಯುತ್ತೆ. ನಮ್ಮ ಗಲ್ಲಿ ಬಾಯಲ್ಲಿ ಒಬ್ಬರು ಖನೋಮ್ ಕ್ರೋಕ್ ಮಾಡ್ತಿದ್ರು, ಎಲ್ರೂ ಪಾ ಅಂತಿದ್ವಿ, ಪಾ ಅಂದ್ರೆ ದೊಡ್ಡಮ್ಮ. ನೋಡೋಕೆ ಥೇಟ್ ನಮ್ಮ ಪಡ್ಡಿನ ಹಂಚು, ಕುಳಿ ಜಾಸ್ತಿ ಅಷ್ಟೇ. ಮೊದಲು ಅಕ್ಕಿ ಹಿಟ್ಟಿನ ತೆಳು ಹಿಟ್ಟು ಹಾಕಿ ಹಂಚಿನ ಅಂಚಿಗೆ ಹಿಡ್ಕೊಳೋವರೆಗೆ ಕಾಯ್ತಾರೆ, ಆಮೇಲೆ ಕುಳಿ ಮಧ್ಯಕ್ಕೆ ಮೊದಲ್ನೇ ಕಾಯಿಹಾಲು, ಅದಕ್ಕೆ ಉಪ್ಪು ಸಕ್ಕರೆ ಎರಡೂ ಇರುತ್ತೆ, ಮೇಲೆ ಈರುಳ್ಳಿ ಸೊಪ್ಪೋ ಜೋಳವೋ ಉದುರಿಸಿ ಮುಚ್ಚಳ. ಪಡ್ಡಿನ ಥರ ಮಗುಚಲ್ಲ. ಚಮಚದಲ್ಲಿ ಒಂದೊಂದೇ ಎತ್ತಿ ಒಂದರ ಮೇಲೊಂದು ಜೋಡಿ ಮಾಡಿ ಇಡ್ತಾರೆ, ಹೊರಗೆ ಗರಿಗರಿ, ಒಳಗೆ ಇನ್ನೂ ಕಲಕಲ ಅನ್ನೋ ಹಾಲು, ಬಾಯಿ ಸುಟ್ಕೊಳ್ದೇ ತಿಂದೋರು ಯಾರೂ ಇಲ್ಲ. ಪಾ ಏಳ್ತಿದ್ದಿದ್ದು ಮೂರು ಗಂಟೆಗೆ. ನಾನು ಹೋದಾಗ ಡಬ್ಬಿಗೆ 30 ಬಾತ್, ನಾಲ್ಕು ವರ್ಷದ ಮೇಲೆ 35 ಮಾಡಿದ್ರು, ಅದಕ್ಕೆ ಪಕ್ಕದ ಕಾಂಡೋದ ಒಬ್ಬಾಕೆ ಅಷ್ಟಾಗೋಯ್ತಾ ಪಾ ಅಂದ್ಲು, ಆಕೆ ಕೈಯಲ್ಲಿ ಇದ್ದಿದ್ದು 120 ಬಾತಿನ ಲಾಟೆ. ಕಾಫಿಗೆ ಮಷೀನು ಕಪ್ಪು ಬ್ರ್ಯಾಂಡು ಅಂತ ರೇಟು ಒಪ್ಕೋತಾರೆ, ಪಾ ಕೈಗೆ ಮಾತ್ರ 1990ರ ರೇಟೇ ಇರ್ಬೇಕು. ತೆಂಗಿನಕಾಯಿ ರೇಟು ಎಲ್ಲಿಗೆ ಹೋಗಿದೆ ಅಂತ ತಿಪಟೂರಿನೋರಿಗೆ ನಾನು ಹೇಳ್ಬೇಕಾಗಿಲ್ಲ.

ಮತ್ತೆ ಇಷ್ಟೆಲ್ಲಾ ಕಷ್ಟದಲ್ಲಿ ಅಂಗಡಿಗಳು ಹೆಂಗ್ ನಡೀತಿದಾವೆ?

ಶುಭಕಾರ್ಯದಿಂದ. ಒಂಬತ್ತು ಮಂಗಳ ಸಿಹಿ ಅಂತಿದೆ, ಒಂಬತ್ತಕ್ಕೆ ಥಾಯ್ ಭಾಷೇಲಿ ಕಾವ್, ಮುಂದೆ ಹೆಜ್ಜೆ ಇಡೋದಕ್ಕೂ ಅದೇ ಥರದ ಶಬ್ದ. ಥಾಂಗ್ ಯಿಪ್ ಅಂದ್ರೆ ಚಿನ್ನ ಹಿಡಿ, ಫಾಯ್ ಥಾಂಗ್ ದಾರ ಕತ್ತರಿಸಲ್ಲ, ಆಯಸ್ಸು ಉದ್ದ ಇರ್ಲಿ ಅಂತ, ಖನೋಮ್ ಚಾನ್ ಪದರ ಪದರ ಇರೋದ್ರಿಂದ ಪ್ರಮೋಷನ್ ಆದೋರಿಗೆ. ಮದುವೆ, ಗೃಹಪ್ರವೇಶ, ಮಗ ಭಿಕ್ಷು ಆಗೋದು, ಎಲ್ಲದಕ್ಕೂ ಆರ್ಡರ್. ಎರಡ್ನೇದು ಸರ್ಕಾರಿ ಆಫೀಸು ಸೆಮಿನಾರಿನ ಸ್ನ್ಯಾಕ್ ಡಬ್ಬಿ, ಎರಡು ಖನೋಮು, ಒಂದು ಜ್ಯೂಸು, ಟಿಶ್ಯೂ. ನೋಡೋಕೆ ಏನೂ ಗ್ಲಾಮರ್ ಇಲ್ಲ, ಆದ್ರೆ ಎಷ್ಟೋ ಅಂಗಡಿ ಬಾಡಿಗೆ ಕಟ್ಟೋದು ಇದರಲ್ಲೇ, ಕೊರೋನಾದಲ್ಲಿ ಮದುವೆ ಮೀಟಿಂಗು ಎರಡೂ ನಿಂತಾಗ ಅದಕ್ಕೇ ಅಷ್ಟು ಹೊಡೆತ ಬಿತ್ತು.

ಮೂರ್ನೇದು ಖಾಂಗ್ ಫಾಕ್. ಯಾವುದೇ ಊರಿಗೆ ಹೋದ್ರೂ ಅಲ್ಲಿನ ತಿಂಡಿ ಆಫೀಸಿಗೂ ಮನೆಗೂ ತರ್ಲೇಬೇಕು, ಬರಿಗೈಲಿ ಬಂದ್ರೆ ಮುಖ ಊದಿಸ್ಕೋತಾರೆ. ಧಾರವಾಡಕ್ಕೆ ಹೋಗಿ ಪೇಡಾ ತರ್ದೇ ಬಂದಂಗೆ. ಪೆಚ್ಚಬುರಿಯಿಂದ ಮೋ ಕೇಂಗ್, ಮೊಟ್ಟೆ, ಕಾಯಿಹಾಲು, ತಾಳೆ ಬೆಲ್ಲದ್ದು, ಮೇಲೆ ಹುರಿದ ಸಣ್ಣ ಈರುಳ್ಳಿ. ಬಾಂಗ್ ಸೇನ್ ಬೀಚಿಂದ ವಾಪಸ್ ಬರೋರು ನಾಂಗ್ ಮೋನ್ ಮಾರ್ಕೆಟಲ್ಲಿ ಖಾವ್ ಲಾಮ್ ತಗೋತಾರೆ. ಅಯುತ್ತಯದಿಂದ ರೋಟಿ ಸಾಯ್ ಮಾಯ್, ತೆಳು ರೊಟ್ಟೀಲಿ ಸಕ್ಕರೆ ನೂಲು ಸುತ್ತಿದ್ದು, ಅಲ್ಲಿನ ಮುಸ್ಲಿಮರ ಕಸುಬು. ಪೆಚ್ಚಬುರಿಗೆ 2021ರಲ್ಲಿ ಯುನೆಸ್ಕೋದ ಆಹಾರ ನಗರ ಅನ್ನೋ ಪಟ್ಟ ಬಂತು, ಅದು ಒಳ್ಳೇದೇ, ಆದ್ರೆ ತಾಳೆ ಮರ ಹತ್ತೋರು ಬೇಕಲ್ಲ.

ನಮ್ಮ ಪಿತೃಪಕ್ಷದ ಥರ ಅಲ್ಲೂ ಇದ್ಯಂತೆ, ಹೌದಾ?

ಹೌದು, ನಂಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ದಕ್ಷಿಣದ ನಖೋನ್ ಸಿ ತಮ್ಮರಾತ್‌ನಲ್ಲಿ ಅವರ ಹತ್ತನೇ ತಿಂಗಳ ಕೃಷ್ಣಪಕ್ಷದಲ್ಲಿ ಸತ್ತ ಹಿರಿಯರಿಗೆ ಎಡೆ ಇಡ್ತಾರೆ, ಸರಿಸುಮಾರು ನಮ್ಮ ಮಹಾಲಯದ ಹೊತ್ತಿಗೇ. ಅದಕ್ಕೆ ಐದು ತಿಂಡಿ ಆಗ್ಲೇಬೇಕು. ಖನೋಮ್ ಲಾ ಅಂತ, ತಳದಲ್ಲಿ ತೂತು ಕೊರೆದ ಚಿಪ್ಪಲ್ಲೋ ಡಬ್ಬೀಲೋ ಅಕ್ಕಿ ಹಿಟ್ಟು ಹಾಕಿ ಕಾದ ಬಾಣಲೆ ಮೇಲೆ ಸುತ್ತಿ ಸುತ್ತಿ ಬಿಡ್ತಾರೆ, ಕೂದಲೆಳೆ ಥರ ಜಾಲರಿ ಬರುತ್ತೆ. ಯಾಕಷ್ಟು ಸಣ್ಣ ಅಂದ್ರೆ ಪ್ರೇತದ ಬಾಯಿ ಸೂಜಿ ಕಣ್ಣಷ್ಟೇ ಇರುತ್ತಂತೆ, ಅದರೊಳಗೆ ಹೋಗ್ಬೇಕಲ್ಲ! ಖನೋಮ್ ಫಾಂಗ್ ಆ ಹಿರಿಯರಿಗೆ ದೋಣಿ ಇದ್ದಂಗೆ, ನಡುವೆ ತೂತಿರೋ ಡೀ ಸಾಮ್ ಖರ್ಚಿಗೆ ಕಾಸು, ಇನ್ನೆರಡು ಆಟಕ್ಕೂ ಒಡವೆಗೂ. ಅಲ್ಲಿನ ತಿಂಡಿಯೋರಿಗೆ ಈ ಹದಿನೈದು ದಿನವೇ ಸೀಜನ್. ಬ್ಯಾಂಕಾಕ್ ಸೇರಿದ ಮಕ್ಕಳೂ ಊರಿಗೆ ಬರ್ತಾರೆ, ಅವರಿಗೆ ಖನೋಮ್ ಲಾ ರುಚಿ ಬೇಕೋ ಬೇಡ್ವೋ, ತಾತನಿಗೆ ಇಡದೇ ಇರೋ ಧೈರ್ಯ ಇರಲ್ಲ. ಈ ಗಿರಾಕೀನ ಯಾವ ಕೇಕ್ ಅಂಗಡಿಯೂ ಕಿತ್ಕೊಳೋಕಾಗಲ್ಲ.

ಸರ್ಕಾರ ಏನೂ ಮಾಡ್ತಿಲ್ವಾ?

2001ರಲ್ಲಿ ಓಟಾಪ್ ಅಂತ ಶುರು ಮಾಡಿದ್ರು, ಊರಿಗೊಂದು ಉತ್ಪನ್ನ, ಜಪಾನಿನ ಓಇತಾ ಪ್ರಾಂತ್ಯದಲ್ಲಿ ನಡೆದಿದ್ದನ್ನ ನೋಡಿ ಮಾಡಿದ್ದು. ಹಳ್ಳಿ ಹೆಂಗಸರ ಗುಂಪುಗಳಿಗೆ ಸ್ಟಾರ್ ರೇಟಿಂಗು, ಮೇಳದಲ್ಲಿ ಮಳಿಗೆ ಸಿಕ್ತು. ಒಣ ತಿಂಡಿ ಮಾಡೋರಿಗೆ ನಿಜಕ್ಕೂ ಉಪಯೋಗ ಆಯ್ತು. ಹಸಿ ತಿಂಡಿಯೋರು ಮೇಳಕ್ಕೆ ಹೊತ್ಕೊಂಡು ಹೋಗೋದಾದ್ರೂ ಹೆಂಗೆ.

ಟೀವಿ ಸೀರಿಯಲ್, ರ‍್ಯಾಪರ್, ಇವರಿಂದ ವ್ಯಾಪಾರ ಏರ್ತಂತಲ್ಲ?

ಏರ್ತು. 2018ರಲ್ಲಿ ಬುಪ್ಪೇ ಸನ್ನಿವಾತ್ ಅನ್ನೋ ಸೀರಿಯಲ್ ಬಂದಾಗ ಇಡೀ ದೇಶ ನಾರಾಯ್ ರಾಜನ ಕಾಲಕ್ಕೆ ಹೋಗ್ಬಿಟ್ಟಿತ್ತು, ಮರಿಯಾ ಪಾತ್ರಾನೂ ಇತ್ತು ಅದ್ರಲ್ಲಿ, ಹಳೇ ಥಾಯ್ ಉಡುಪು ಬಾಡಿಗೆಗೆ ತಗೊಂಡು ಅಯುತ್ತಯದಲ್ಲಿ ಫೋಟೋ, ಕೈಯಲ್ಲಿ ಥಾಂಗ್ ಯಿಪ್. 2022ರ ಏಪ್ರಿಲಲ್ಲಿ ಮಿಲ್ಲಿ ಅನ್ನೋ ಹುಡುಗಿ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ಸ್ಟೇಜ್ ಮೇಲೆ ಹಾಡ್ತಾ ಹಾಡ್ತಾ ಮಾವು ಅಂಟಕ್ಕಿ ತಿಂದ್ಲು, ಮಾರನೇ ದಿನ ಬ್ಯಾಂಕಾಕಲ್ಲಿ ಡೆಲಿವರಿ ಹುಡುಗ್ರ ಕ್ಯೂ. ಆದ್ರೆ ಲಾಭ ಆಗಿದ್ದು ಆ ಒಂದು ತಿಂಡಿಗೆ, ಅದು ಮೊದಲೇ ಗೆದ್ದಿರೋ ತಿಂಡಿ. ತಾಳೆಹಣ್ಣಿನ ಖನೋಮ್ ತಾನ್ ಮಾಡೋರ ಮನೆ ಮುಂದೆ ಯಾರೂ ಬಂದು ನಿಲ್ಲಲಿಲ್ಲ.

ಅಂಗಡಿ ಮುಚ್ಚೋಕೆ ಗಿರಾಕಿ ಕಮ್ಮಿ ಆಗೋದೇ ಕಾರಣಾನಾ?

ನಾನೂ ಹಾಗೇ ಅಂದ್ಕೊಂಡಿದ್ದೆ. ಪಾ ವ್ಯಾಪಾರಕ್ಕೆ ಏನೂ ಆಗಿರಲಿಲ್ಲ, ಎಂಟು ಗಂಟೆಗೆಲ್ಲಾ ಹಿಟ್ಟು ಖಾಲಿ. ಮಗಳು ಬ್ಯಾಂಕಲ್ಲಿದ್ಲು, ಓದಿಸಿದ್ದು ಇದೇ ಹಂಚು. ಒಂದು ಸಲ ಮಗಳು ಕಲೀತಾಳಾ ಪಾ ಅಂತ ಕೇಳಿದೆ, ಪಾ ನಕ್ಕು ಮುಂಗೈ ತೋರಿಸಿದ್ರು, ತುಂಬಾ ಸುಟ್ಟ ಕಲೆ, ಅವಳು ಕಲೀಬಾರ್ದು ಅಂತಾನೇ ಇಷ್ಟು ವರ್ಷ ಮಾಡಿದ್ದು ಅಂದ್ರು. ಮಂಡಿ ನೋವು ಜಾಸ್ತಿ ಆದ ದಿನ ನಿಲ್ಲಿಸಿದ್ರು, ಆ ಜಾಗದಲ್ಲಿ ಈಗ ಕರಿದ ಚಿಕನ್. ಗಿರಾಕಿಗಳ ಮನಸ್ಸು ಬದಲಾಯಿಸೋ ಐಡಿಯಾ ಸಾವಿರ ಜನ ಕೊಡ್ತಾರೆ, ಮೂರು ಗಂಟೆಗೆ ಏಳೋ ಮಕ್ಕಳನ್ನ ಯಾರು ಕೊಡ್ತಾರೆ? ಮಕ್ಕಳು ಮುಂದುವರಿಸಿರೋ ಕಡೆ ನೋಡಿ, ಕಾಯಿ ತುರಿಯೋದು, ಹಿಂಡೋದು ಮಷೀನಿಗೆ ಬಿಟ್ಟು ಕೈ ಕೆಲಸ ಕೊನೇ ಹಂತಕ್ಕೆ ಮಾತ್ರ ಇಟ್ಕೊಂಡಿದಾರೆ, ಆರ್ಡರ್ ಎಲ್ಲಾ ಫೋನಲ್ಲಿ, ಮೊದಲೇ ದುಡ್ಡು. ಶುದ್ಧ ಸಂಪ್ರದಾಯ ಅನ್ನೋರು ಮೂಗು ಮುರೀತಾರೆ, ಮುರೀಲಿ.

ಹೊಸ ಥರ ಮಾಡಿರೋದು, ಕೇಕ್ ಮೇಲೆ ಫಾಯ್ ಥಾಂಗ್ ಅದೂ ಇದೂ, ಚೆನ್ನಾಗಿರುತ್ತಾ?

ಕೆಲವು ಚೆನ್ನಾಗಿರುತ್ತೆ, ಫಾಯ್ ಥಾಂಗ್ ಕೇಕ್ ಈಗ ಹಳೇದೇ ಆಗೋಯ್ತು. ಪಂದಾನ್ ಎಲೆ ಘಮದ ಕಸ್ಟರ್ಡ್ ಹಾಕಿದ ಕ್ರೋಸಾಂಟ್ ನಂಗಿಷ್ಟ. ಥಾನ್‌ಬುರಿಯ ಕುಡಿ ಚೀನ್ ಓಣೀಲಿ ಪೋರ್ಚುಗೀಸ್ ಮೂಲದ ಮನೆಗಳೋರು ಖನೋಮ್ ಫರಾಂಗ್ ಅಂತ ಕೇಕ್ ಸುಡ್ತಾರೆ, ಬೆಣ್ಣೆ ಇಲ್ಲ ಹಾಲಿಲ್ಲ, ಮೇಲೆ ಚೀನೀ ಥರ ಕುಂಬಳಕಾಯಿ ಮಿಠಾಯಿ. ಅದೂ ಒಂದು ಕಾಲಕ್ಕೆ ಫ್ಯೂಷನ್ನೇ ತಾನೇ.

ಬ್ಯಾಂಕಾಕಿಗೆ ಹೋದ್ರೆ ಎಲ್ಲಿ ತಿನ್ಬೇಕು, ಊರಿಗೆ ಏನು ತರಬಹುದು?

ಬೆಳಿಗ್ಗೆ ಹೋಗಿ, ಇದೊಂದು ನೆನಪಿಟ್ಕೊಳಿ. ನಾಂಗ್ ಲೋಯೆಂಗ್ ಮಾರ್ಕೆಟ್ಟು, ವಾಂಗ್ ಲಾಂಗ್, ಸ್ವಲ್ಪ ಜಾಸ್ತಿ ದುಡ್ಡಾದ್ರೂ ಪರ್ವಾಗಿಲ್ಲ ಅಂದ್ರೆ ಓ ತೋ ಕೋ. ಮಾವು ಅಂಟಕ್ಕಿಗೆ ಮಾರ್ಚಿಂದ ಮೇ ಒಳಗೆ ಹೋಗಿ, ನಾಮ್ ದೋಕ್ ಮಾಯ್ ಅನ್ನೋ ಹಣ್ಣು ಕೇಳಿ, ತನಾವ್ ರಸ್ತೇಲಿ ಕೋ ಪಾನಿಚ್ ಅಂತ 1932ರ ಅಂಗಡಿ ಇದೆ. ಚೌಕಾಸಿ ಮಾಡ್ಬೇಡಿ ದಯವಿಟ್ಟು, 20 ಬಾತಿನ ಪೊಟ್ಟಣಕ್ಕೆ 15 ಅನ್ನೋ ನಮ್ಮೋರನ್ನ ನೋಡಿ ನಾನು ಕನ್ನಡ ಬರಲ್ಲ ಅನ್ನೋ ಥರ ನಿಂತಿದೀನಿ. ಊರಿಗೆ ತರೋದಾದ್ರೆ ಕಾಯಿಹಾಲಿನ ಹಸಿ ತಿಂಡಿ ಯಾವುದೂ ಬೇಡ, ನಾನೊಂದು ಸಲ ಪಿಯಾಕ್ ಪೂನ್ ತಂದೆ, ಕೆಂಪೇಗೌಡ ಏರ್‌ಪೋರ್ಟಲ್ಲಿ ಬ್ಯಾಗ್ ತೆಗೆದಾಗ್ಲೇ ಹುಳಿ ವಾಸನೆ. ಗಂಟೆಗಟ್ಟಲೆ ತಿರುವಿ ಮಾಡೋ ಕಲಮೇ ತನ್ನಿ, ಎಳ್ಳು ಕಡ್ಲೆಕಾಯಿ ಹಾಕಿದ ಕ್ರಯಾಸಾತ್ ತನ್ನಿ, ಅವು ತಡೀತಾವೆ. ಕ್ರಯಾಸಾತ್ ಕೊಟ್ಟಾಗ ನಮ್ಮಮ್ಮ ಮುರಿದು ಬಾಯಿಗೆ ಹಾಕ್ಕೊಂಡು, ಇದಕ್ಕೆ ಬ್ಯಾಂಕಾಕಿಗೆ ಹೋಗ್ಬೇಕಿತ್ತಾ, ಚಿಕ್ಕಿ ಅಲ್ವೇನೋ ಇದು ಅಂದ್ರು. ಮಧ್ಯಾಹ್ನ ನೋಡಿದ್ರೆ ಡಬ್ಬಿ ಅರ್ಧ ಖಾಲಿ.